ಕೆಟ್ಟ ಅತ್ತೆ ಕಥೆ ಬರೆದರೆ

ಉಣಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ನೀಲಕ್ಕ ಎದುರಿಗೆ ಬಂದರೆ ಹೊಸ ಸೊಸೆಯಂದಿರು ರಸ್ತೆ ದಾಟಿ ಆಚೆ ಬದಿ ಹೋಗುತ್ತಾರೆ. ಅವರು ಯಾರಿಗೂ ಏನೂ ಮಾಡಿದವರಲ್ಲ. ಧಾರಾವಾಹಿಯಲ್ಲಿ ಕೆಟ್ಟ ಅತ್ತೆಯ ಪಾತ್ರ ಮಾಡುತ್ತಾರೆ, ಅಷ್ಟೇ. (ಅವರ ನಿಜವಾದ ಸೊಸೆ ಏಳುವುದು ಬೆಳಿಗ್ಗೆ ಎಂಟಕ್ಕೆ. ಅವಳಿಗೆ ಚಹಾ ಮಾಡಿಕೊಡುವವರು ಇವರೇ!)

ಈ ನೀಲಕ್ಕ ಮೊನ್ನೆ ತಮ್ಮದೇ ಕಥಾಸಂಕಲನ ಹೊರತಂದರು. ಕಿಡಿ ಹಚ್ಚಿದವಳು ನಾನು. ಹೋದ ವರ್ಷ ಒಂದು ಸ್ವೀಡಿಷ್ ಸಿನಿಮಾ ನೋಡಿದ ಗುಂಗಿನಲ್ಲಿ ಅವರ ಮುಂದೆ ಕೂತು ಹೇಳಿದ್ದೆ: ಆ ದೇಶದ ಸಿನಿಮಾ ನಟಿಯರಲ್ಲಿ ಹಲವರು ಬರೆದವರೂ ಹೌದು. ಪರದೆಯ ಮೇಲೆ ಮಿಂಚಿದ್ದ ಒಬ್ಬಾಕೆ ಕ್ಯಾಮೆರಾದ ಹಿಂದೆ ಹೋಗಿ ನಿರ್ದೇಶಕಿಯಾದಳು, ಕಾದಂಬರಿಯನ್ನೂ ಬರೆದಳು. ಇನ್ನೊಬ್ಬಾಕೆ ತನ್ನ ಬದುಕಿನ ಕಥೆಯನ್ನೇ ಬರೆದಳು.

ನೀಲಕ್ಕ ಮೆಂತ್ಯದ ಸೊಪ್ಪು ಸೋಸುವುದನ್ನು ನಿಲ್ಲಿಸಿದರು. "ಅಷ್ಟ ಥಂಡ್ಯಾಗ ಬರಿಯಾಕ ಕೈಯರ ಹೆಂಗ ಆಡ್ತಾವ್ರಿ ಅವರವು? ನಮ್ಮಲ್ಲೆ ಬಿಸಿಲರ ಐತಿ. ನಾನೂ ಬರದ ಬಿಡ್ತೇನಿ."

ಬರೆದೇ ಬಿಟ್ಟರು. ಶೂಟಿಂಗ್ ಬ್ರೇಕಿನಲ್ಲಿ, ಮೇಕಪ್ ಕೂಡ ಅಳಿಸದೆ!

ಧಾರವಾಡದಲ್ಲಿ ಬಿಡುಗಡೆ. ಹಾಲ್ ಫುಲ್. ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು. ನೀಲಕ್ಕನ ಸೀರೆ ಹೊಗಳಿದರು, ಕಣ್ಣು ಹೊಗಳಿದರು, ಧಾರಾವಾಹಿ ಹೊಗಳಿದರು. ಪುಸ್ತಕ? ಅದನ್ನು ಎತ್ತಿ ತೋರಿಸಿ, ಮೈಕಿನಲ್ಲೇ ನಗುತ್ತ ಕೇಳಿದರು: "ಖರೇ ಹೇಳ್ರಿ ನೀಲಕ್ಕಾರ, ಯಾರು ಬರದು ಕೊಟ್ರು?"

ಸಭೆ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ನೀಲಕ್ಕ ಸೆರಗು ಸರಿಮಾಡಿಕೊಂಡರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿದರು: "ಬುಕ್ಕಿನ ಮಾತು ಇರ್ಲಿ ಬಿಡವಾ, ಅತ್ತಿ ಡೈಲಾಗ್ ಒಂದು ಹೊಡಿ!"

"ಹೊಡೀತೇನಿ ತಗೋ ಯವ್ವಾ," ಎಂದು ನೀಲಕ್ಕ ಎದ್ದರು.

ಹುಬ್ಬು ಏರಿತು. ಕೈ ಸೊಂಟಕ್ಕೆ ಹೋಯಿತು. ಥೇಟ್ ಅದೇ ಕೆಟ್ಟ ಅತ್ತೆಯ ದನಿ:

"ಏನ್ ನೋಡ್ತೀ? ನೀ ನನ್ನ ಸಿಟ್ಟು ಅಷ್ಟ ನೋಡೀದಿ. ಈ ಮನಿಗೆ ಬಂದಾಗ ನನಗೂ ಹಾಡಾಕ ಬರ್ತಿತ್ತು. ನಮ್ಮತ್ತಿ ಅಂದ್ಲು, ಹೆಣ್ಮಕ್ಕಳ ದನಿ ಹೊಸ್ತಿಲಾ ದಾಟಬಾರದು ಅಂತ. ದಾಟಲಿಲ್ಲ. ಒಳಗ ಉಳೀತು. ಒಳಗ ಉಳಿದ ಹಾಡು ಏನ್ ಆಕ್ಕೈತಿ ಗೊತ್ತೈತೇನ? ಬೈಗಳಾ ಆಕ್ಕೈತಿ."

ನಗುತ್ತಿದ್ದವರು ಯಾವಾಗ ನಗು ನಿಲ್ಲಿಸಿದರೋ ತಿಳಿಯಲಿಲ್ಲ. ಡೈಲಾಗ್ ಕೇಳಿದ್ದ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೊದಲು ಚಪ್ಪಾಳೆ ತಟ್ಟಿದವರು ಅಧ್ಯಕ್ಷರೇ. "ವಾಹ್! ಯಾವ ಎಪಿಸೋಡ್ ರೀ ಇದು? ನಾ ನೋಡೇ ಇಲ್ಲ."

"ಎಪಿಸೋಡ್ ಅಲ್ರಿ ಸರ. ನಿಮ್ಮ ಕೈಯಾಗಿನ ಪುಸ್ತಕದ್ದು. ಮೊದಲ್ನೇ ಪುಟ."

ಅವರು ಪುಟ ತೆರೆದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಮೈಕಿನ ಹತ್ತಿರ ಬಂದು, "ತಪ್ಪಾತ್ರಿ ನನ್ನ ಕಡಿಂದ," ಎಂದರು. (ಪ್ರಾಧ್ಯಾಪಕರ ಬಾಯಲ್ಲಿ ಈ ಮಾತು, ಅದೂ ಮೈಕಿನಲ್ಲಿ! ಅವರಿಗೂ ಒಂದು ಚಪ್ಪಾಳೆ ಹೊಡೆದೆ.)

ವಾಪಸ್ ಬರುವಾಗ, ರಾಯಾಪುರದ ಹತ್ತಿರ, ನೀಲಕ್ಕ ಕೇಳಿದರು: "ಆ ಸ್ವೀಡನ್ ಹೆಣ್ಮಕ್ಕಳಿಗೂ ಮಂದಿ ಹಿಂಗ ಕೇಳಿರಬೇಕೇನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿರುವುದು ನಮ್ಮ ಕಡೆಯ ಮಾತಷ್ಟೇ: ಯಾರೋ ಬರೆದ ಮಾತನ್ನು ಹೆಣ್ಣು ಆಡಿದರೆ ಸೀಟಿ ಹೊಡೆಯುವ ನಮಗೆ, ಅವಳೇ ಬರೆದಳು ಎಂದಾಗ ಮಾತ್ರ ಸಾಕ್ಷಿ ಯಾಕೆ ಬೇಕು?