ಸಂಖ್ಯೆ ಅಳಿಸಿಹೋದ ಸಿಲಿಂಡರ್

ಹೋದ ವಾರ ನಮ್ಮ ಬೀದಿಯ ಶಾಲೆಯ ಕಬ್ಬಿಣದ ಗೇಟಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ತರಕಾರಿ ಚೀಲ ಹಿಡಿದು ಆ ದಾರಿಯಲ್ಲಿ ಬರುತ್ತಿದ್ದವಳು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಹಸಿ ಬಣ್ಣ, ಟರ್ಪಂಟೈನ್, ಬಿಸಿಲಿಗೆ ಕಾದ ಕಬ್ಬಿಣ... "ಏನಮ್ಮ, ಏನಾರ ಬೇಕಿತ್ತಾ?" ಎಂದು ಬಣ್ಣದವನು ಕೇಳಿದ. ಏನೂ ಬೇಡ ಎಂದೆ. ಆದರೆ ಕಾಲು ಮುಂದಕ್ಕೆ ಬರಲಿಲ್ಲ. ಆ ವಾಸನೆಯ ಹಿಂದೆ ಕೊಳ್ಳೇಗಾಲದ ಒಂದು ಉದ್ದನೆಯ ಕಟ್ಟಡವಿತ್ತು, ಅದರ ತುಂಬ ಬಿಳಿ ಹಬೆಯಿತ್ತು, ಆ ಹಬೆಯೊಳಗಿಂದ ಬಾಯ್ಲರ್ ಮೇಸ್ತ್ರಿ ನನ್ನ ಕಡೆಗೆ ನಡೆದು ಬರುತ್ತಿದ್ದರು.

ಅದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯ ಮಾತು ಇನ್ನೂ ಕೂಡಿಬರದೆ ಇದ್ದ ಆ ದಿನಗಳಲ್ಲಿ ನಾನು ಅಗರದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಗುಮಾಸ್ತೆಯಾಗಿ ದುಡಿಯುತ್ತಿದ್ದೆ. ನನ್ನ ಮೇಜು ಇದ್ದ ಕೋಣೆಗೂ ನೂಲು ತೆಗೆಯುವ ಹಜಾರಕ್ಕೂ ನಡುವೆ ಒಂದು ಗಾಜಿನ ಕಿಟಕಿ. ಅದರಾಚೆ ನಲವತ್ತು ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಸಾಲಾಗಿ ಕೂತಿರುತ್ತಿದ್ದರು. ನೀರಿನಲ್ಲಿ ಗೂಡುಗಳು ಮೆಲ್ಲಗೆ ಸುತ್ತುತ್ತಿದ್ದವು, ಬೆರಳ ತುದಿಯಿಂದ ಕಾಣದಂಥ ಎಳೆಗಳು ಮೇಲೇರುತ್ತಿದ್ದವು. ಹಬೆ ಹೆಚ್ಚಾದಾಗ ಹೆಂಗಸರ ಮುಖ ಮರೆಯಾಗಿ ಕೈಗಳಷ್ಟೇ ಕಾಣುತ್ತಿದ್ದವು. ಯಾರೋ ಹಾಡುತ್ತಿದ್ದರು. ಬೆಂದ ಹುಳುವಿನ ನಾತಕ್ಕೆ ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಅದು ನಾತ ಅನ್ನುವುದೇ ಮರೆತುಹೋಯಿತು.

ಅಷ್ಟೂ ಹಬೆ ಮೇಸ್ತ್ರಿಯವರದು. ಬಂಡಳ್ಳಿಯ ಕಡೆಯವರು, ಐವತ್ತರ ಹತ್ತಿರ ವಯಸ್ಸು, ಮಿತವಾದ ಮಾತು. ಬಾಯ್ಲರ್ ನಡೆಸಲು ಸರ್ಕಾರ ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬಾಯ್ಲರ್ ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಅದಕ್ಕೂ ದಿನಾ ಒಂದು ಹೂವು.

ಹಜಾರದ ಗೋಡೆಗೆ ಬೆಂಕಿ ಆರಿಸುವ ನಾಲ್ಕು ಸಿಲಿಂಡರ್‌ಗಳಿದ್ದವು. ಶಂಕುವಿನ ಆಕಾರ, ಕೆಂಪು ಬಣ್ಣ. ತುದಿಯ ಗುಂಡಿಯನ್ನು ನೆಲಕ್ಕೆ ಕುಟ್ಟಿದರೆ ಒಳಗಿನ ಆಮ್ಲದ ಸೀಸೆ ಒಡೆದು ಸೋಡಾ ನೀರಿನೊಂದಿಗೆ ಬೆರೆತು, ಒತ್ತಡ ಹುಟ್ಟಿ ನೀರು ಚಿಮ್ಮಬೇಕು. ಮದರಾಸಿನ ಕಂಪನಿಯೊಂದರ ಮಾಲು. ಕೊಳ್ಳೇಗಾಲ ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದಾಗ ತರಿಸಿದ್ದು. ಪ್ರತಿ ಆಯುಧಪೂಜೆಗೂ ಮೇಸ್ತ್ರಿ ಅವನ್ನು ಇಳಿಸಿ, ಉಪ್ಪುಕಾಗದ ಹಾಕಿ ತಿಕ್ಕಿ ತಿಕ್ಕಿ ಹಳೆಯ ಬಣ್ಣ ತೆಗೆದು, ಹೊಸ ಕೆಂಪು ಬಳಿದು, ವಿಭೂತಿ ಎಳೆದು ಕುಂಕುಮ ಇಡುತ್ತಿದ್ದರು. ನಾನು ಸೇರಿದ ವರ್ಷ, ಹಾಡು ಹೇಳುವ ಅಕ್ಕ ತೊಟ್ಟಿಯ ಮುಂದಿನಿಂದಲೇ ಕೂಗಿದ್ದು ನೆನಪಿದೆ.

"ಮೇಸ್ತ್ರಣ್ಣ, ಮನೇಲಿ ಎಂಡ್ರಿಗೆ ಒಂದು ಸೀರೆ ತಂದ್ಕೊಟ್ಟಿಲ್ಲ. ಇವಕ್ಕೆ ಮಾತ್ರ ವರ್ಸಕ್ಕೊಂದು ಕೆಂಪು ಸೀರೆ ಉಡುಸ್ತೀಯಲ್ಲ!"

"ಎಂಡ್ರು ಬೆಂಕಿ ಅಚ್ತಾಳೆ ಕಣವ್ವ. ಇವು ಆರುಸ್ತವೆ" ಎಂದರು ಮೇಸ್ತ್ರಿ, ಕುಂಚದಿಂದ ಕಣ್ಣೆತ್ತದೆ. ಇಡೀ ಹಜಾರ ನಕ್ಕಿತು.

ಮದರಾಸಿನ ಆ ಕಂಪನಿಯಿಂದ ಒಂದು ಕಾಗದ ಬಂದದ್ದು ಅದಾಗಿ ಕೆಲವು ತಿಂಗಳಿಗೆ. ವಿಳಾಸದಲ್ಲಿ ಇನ್ನೂ ಕೊಯಮತ್ತೂರು ಜಿಲ್ಲೆ ಎಂದೇ ಇತ್ತು. ನಮ್ಮ ತಾಲ್ಲೂಕು ಮೈಸೂರಿಗೆ ಸೇರಿ ವರ್ಷಗಳಾಗಿದ್ದರೂ ಆ ಕಂಪನಿಯ ಪುಸ್ತಕಕ್ಕೆ ಅದು ಗೊತ್ತಿರಲಿಲ್ಲ. ಎಲ್ಲೆಲ್ಲೋ ಅಲೆದು, ಲಕೋಟೆಯ ಮೇಲೆ ಐದಾರು ಮುದ್ರೆ ಹೊತ್ತು, ಅಂಚು ಹರಿದು ನನ್ನ ಮೇಜಿಗೆ ಬಂತು. ಇಂಗ್ಲಿಷಿನಲ್ಲಿತ್ತು. ಒಂದು ಸರಣಿಯ ಸಿಲಿಂಡರ್‌ಗಳ ಮುಚ್ಚಳದ ಎರಕ ಸರಿ ಬಂದಿಲ್ಲ, ಒತ್ತಡಕ್ಕೆ ಸೀಳಿ ಹಾರಬಹುದು, ಬಳಸಬೇಡಿ, ಕೂಡಲೇ ವಾಪಸು ಕಳಿಸಿ, ಬದಲಿ ಕೊಡುತ್ತೇವೆ. ಯಾವ ಸರಣಿ ಎಂಬುದು ಕತ್ತಿನ ಹಿತ್ತಾಳೆ ಬಿಲ್ಲೆಯ ಮೇಲಿನ ಸಂಖ್ಯೆಯಿಂದ ತಿಳಿಯುತ್ತದೆ.

ನಾನು ಓದಿ ಕನ್ನಡದಲ್ಲಿ ಹೇಳಿದೆ. ಮೇಸ್ತ್ರಿಯವರ ಮುಖ ಸಣ್ಣದಾಯಿತು. ನಾಲ್ಕನ್ನೂ ಇಳಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಕೆಂಪು ಪದರದ ಕೆಳಗೆ ಕೆಂಪು ಪದರ. ಚಾಕುವಿನ ತುದಿಯಲ್ಲಿ ಕೆರೆದಾಗ ಮೂರರ ಬಿಲ್ಲೆಗಳ ಮೇಲೆ ಮಸುಕಾಗಿ ಸಂಖ್ಯೆ ಕಂಡಿತು. ಮೂರೂ ಕೆಟ್ಟ ಸರಣಿಯವೇ. ನಾಲ್ಕನೆಯದರ ಬಿಲ್ಲೆ ಮಾತ್ರ ಕನ್ನಡಿಯಂತೆ ನುಣ್ಣಗಿತ್ತು. ಬಾಗಿಲ ಪಕ್ಕ ಎಲ್ಲರ ಕಣ್ಣಿಗೆ ಬೀಳುವುದು ಅಂತ ಅದನ್ನೇ ಅವರು ಪ್ರತಿವರ್ಷ ಹೆಚ್ಚು ತಿಕ್ಕಿದ್ದರು.

ಕಾರ್ಖಾನೆಗಳ ಇನ್ಸ್‌ಪೆಕ್ಟರ್ ತಪಾಸಣೆಗೆ ಬರುವುದಿತ್ತು. ಬದಲಿ ಬರುವ ತನಕ ಗೋಡೆ ಬರಿದಾಗಿ ಇರಬಾರದು ಎಂಬುದು ಮ್ಯಾನೇಜರ್ ಚಿಂತೆ. ಅವರು ಸತ್ಯಮಂಗಲದ ಕಡೆಯವರು, ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು. "ಹೇಳಮ್ಮಾ, ನೀ ಬಿ.ಎಸ್ಸಿ. ಓದಿದ ಪೊಣ್ಣು. ಇದು ಆಗುತ್ತಾ, ಆಗಲ್ವಾ?" ಎಂದರು.

"ಅಮ್ಮಣ್ಣಿ, ಇದೂ ಅವುಗಳ ಜೊತೆಗೇ ಬಂದಿದ್ದು ಅನ್ಸ್ತದೆ ನಂಗೆ" ಎಂದು ಮೇಸ್ತ್ರಿ ಮೆಲ್ಲಗೆ ಹೇಳಿದರು.

ಊರಿಗೆ ಹೋಗುವ ನನ್ನ ಯಳಂದೂರು ಬಸ್ಸಿಗೆ ಹೊತ್ತಾಗಿತ್ತು. ನಾಲ್ಕನೆಯದರ ಹಿಡಿ ಉಳಿದವುಗಳಿಗಿಂತ ಸ್ವಲ್ಪ ದಪ್ಪಗಿರುವುದು ನನಗೆ ಕಂಡಿತು. ಹಿಡಿ ಬೇರೆಯಾದರೆ ಸರಣಿಯೂ ಬೇರೆ ಇರಬೇಕು ಎಂದು ತರ್ಕ ಹೂಡಿದೆ. ನನ್ನ ತರ್ಕ ನನಗೇ ಚೆನ್ನಾಗಿ ಕೇಳಿಸಿತು. "ಇದು ಬೇರೆ, ಮೇಸ್ತ್ರಿ. ಗೋಡೆಗೆ ಹಾಕಿ" ಎಂದೆ.

"ಓದ್ದೋರು ಏಳ್ದ ಮೇಲೆ ಆಯ್ತು ಬುಡಿ" ಎಂದು ಅದನ್ನು ಎತ್ತಿಕೊಂಡು ಹೋದರು. ಮೂರು ಸಿಲಿಂಡರ್‌ಗಳು ಲಾರಿ ಹತ್ತಿ ಮದರಾಸಿಗೆ ಹೋದವು. ನಾನು ಬಸ್ಸು ಹತ್ತಿ ಮನೆಗೆ ಹೋದೆ.

ಮುಂದಿನದು ನನಗೆ ಎಷ್ಟೋ ಸಲ ಕನಸಿನಲ್ಲಿ ಬಂದಿದೆ. ಯಾವುದು ನಡೆದದ್ದು, ಯಾವುದು ಕನಸು ಸೇರಿಸಿದ್ದು ಎಂದು ಈಗ ಬಿಡಿಸಿ ಹೇಳಲಾರೆ... ಬದಲಿ ಸಿಲಿಂಡರ್‌ಗಳು ಇನ್ನೂ ಬಂದಿಲ್ಲ. ಒಂದು ಮಧ್ಯಾಹ್ನ. ಗೂಡು ಒಣಗಿಸುವ ಕೋಣೆಯ ಬಾಗಿಲಲ್ಲಿ ಪೇರಿಸಿದ್ದ ಗೋಣಿಚೀಲಗಳಿಂದ ಹೊಗೆ ಬರುತ್ತದೆ. ಮೊದಲು ಅದೂ ಹಬೆಯೇ ಅನಿಸುತ್ತದೆ. ಆಮೇಲೆ ಅದರೊಳಗೆ ಕಿತ್ತಳೆ ಬಣ್ಣ. ಹಾಡು ನಿಲ್ಲುತ್ತದೆ. ಹಾಡು ಹೇಳುವ ಅಕ್ಕ ಓಡಿ ಹೋಗಿ ಬಾಗಿಲ ಪಕ್ಕದ ಸಿಲಿಂಡರ್ ಇಳಿಸಿ, ಮೇಸ್ತ್ರಿ ಕಲಿಸಿದ್ದಂತೆಯೇ ನೆಲಕ್ಕೆ ಕುಟ್ಟುತ್ತಾಳೆ. ನಾನು ಗಾಜಿನ ಈಚೆ ನಿಂತಿದ್ದೇನೆ. ಸಿಲಿಂಡರಿನಿಂದ ನೀರು ಚಿಮ್ಮುತ್ತದೆ, ಜೊತೆಗೆ ಮುಚ್ಚಳದ ಸುತ್ತ ನೊರೆಯ ಸಣ್ಣ ಸಣ್ಣ ಮುತ್ತುಗಳು ಏಳುತ್ತವೆ. ಅವು ಏಳಬಾರದು. ಅದು ನನಗೆ ಗೊತ್ತು.

"ಬುಡವ್ವಾ! ಕೆಳೀಕೆ ಬುಡು ಅದ್ನ!"

ಮೇಸ್ತ್ರಿ ತೊಟ್ಟಿಗಳ ಸಾಲಿನ ನಡುವೆ ಓಡಿ ಬರುತ್ತಿದ್ದಾರೆ. ಆ ಅಕ್ಕ ಹೆದರಿ ಅದನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಾಳೆ. ಅವರು ಅವಳ ತೋಳಿನಿಂದ ಕಿತ್ತುಕೊಂಡು, ಹೆಂಗಸರಿಗೆ ಬೆನ್ನು ಮಾಡಿ, ಹಿಂಬಾಗಿಲ ಕಡೆ ಎರಡು ಹೆಜ್ಜೆ, ಮೂರು ಹೆಜ್ಜೆ...

ಸದ್ದು ಹೇಗಿತ್ತೆಂದು ನೆನಪಿಲ್ಲ. ಕಿಟಕಿಯ ಗಾಜು ಒಮ್ಮೆ ಉಸಿರಾಡಿದಂತೆ ಅಲುಗಿದ್ದು ನೆನಪಿದೆ. ಬೆಂಕಿ ಆರಿಸಿದವರು ಹೆಂಗಸರು. ತೊಟ್ಟಿಗಳಿಂದ ಬಕೆಟ್ಟಿಗೆ ಮೊಗೆದು ಮೊಗೆದು ಸುರಿದರು. ಆಮೇಲೆ ನೋಡಿದರೆ ಕರಕಲಾದ ಗೋಣಿಗಳ ಮೇಲೆ ಬೆಂದ ಬಿಳಿ ಗೂಡುಗಳು, ಯಾರೋ ಮಲ್ಲಿಗೆ ಚೆಲ್ಲಿದ ಹಾಗೆ.

ಮೇಸ್ತ್ರಿಯವರ ಬಲಗೈಯ ಮೂರು ಬೆರಳು ಹೋದವು. ಬಲಗಣ್ಣು ಹೋಯಿತು.

ಆ ಸಂಜೆ ಎಲ್ಲರೂ ಆಸ್ಪತ್ರೆಯ ಕಡೆ ಹೋದ ಮೇಲೆ ನಾನು ಡ್ರಾಯರಿನಿಂದ ಆ ಕಾಗದ ತೆಗೆದೆ. ಏಕೆ ತೆಗೆದೆನೋ. ಮಡಿಕೆ ಬಿಚ್ಚುವಾಗ ಅದು ಬೋರಲಾಗಿ ಬಿತ್ತು. ಹಿಂಬದಿಯಲ್ಲಿಯೂ ಅಚ್ಚು ಮಾಡಿತ್ತು. ಎರಡೇ ಸಾಲು. ಸಂಖ್ಯೆ ಓದಲು ಬಾರದ ಸಿಲಿಂಡರ್‌ಗಳನ್ನು ಕೆಟ್ಟವೆಂದೇ ತಿಳಿದು ವಾಪಸು ಕಳಿಸತಕ್ಕದ್ದು.

ನಾನು ಕಾಗದವನ್ನು ತಿರುಗಿಸಿಯೇ ಇರಲಿಲ್ಲ.

ಹದಿನೈದು ದಿನಕ್ಕೆ ಇನ್ಸ್‌ಪೆಕ್ಟರ್ ವಿಚಾರಣೆಗೆ ಬಂದರು. ಮೇಸ್ತ್ರಿ ತಲೆಗೂ ಕೈಗೂ ಪಟ್ಟಿ ಕಟ್ಟಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಹೇಳಿಕೆಗಳನ್ನು ಇಂಗ್ಲಿಷಿಗೆ ಇಳಿಸಿ ಬರೆಯಲು ನಾನು ಪೆನ್ನು ಹಿಡಿದು ಕೂತಿದ್ದೆ. ಕಾಗದ ಬಂದ ಮೇಲೂ ಅದನ್ನು ಗೋಡೆಗೆ ಹಾಕಿಸಿದವರು ಯಾರು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಮ್ಯಾನೇಜರ್ ಸೂರು ನೋಡಿದರು. ನಾನು ತಲೆಯೆತ್ತಿದೆ. ಹೇಳಬೇಕೆಂದೇ ಎತ್ತಿದೆ ಎಂದು ಈಗಲೂ ನಂಬಲು ಬಯಸುತ್ತೇನೆ.

"ನಾನೇಯ ಸಾ" ಎಂದರು ಮೇಸ್ತ್ರಿ. "ಈ ಅಮ್ಮಣ್ಣಿ ಬ್ಯಾಡ ಅಂದ್ರು. ಗೋಡೆ ಬಿಕೋ ಅಂತದೆ ಅಂತ ನಾನೇ ತಗಲಾಕ್ದೆ."

ಆ ಮಾತನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ಒಂದು ಅಕ್ಷರವೂ ತಪ್ಪದಂತೆ ಬರೆದೆ. ಕೆಳಗೆ ಅವರು ಎಡಗೈಯ ಹೆಬ್ಬೆಟ್ಟು ಒತ್ತಿದರು. ಸಹಿ ಬಲ್ಲವರು... ಆದರೆ ಸಹಿ ಹಾಕುವ ಕೈ ಪಟ್ಟಿಯೊಳಗಿತ್ತು. ಸರ್ಟಿಫಿಕೇಟನ್ನು ಸರ್ಕಾರ ವಾಪಸು ಪಡೆಯಿತು. ಕಟ್ಟು ಬಿಚ್ಚಿ ಅದನ್ನು ಲಕೋಟೆಗೆ ಹಾಕಿದವಳೂ ನಾನೇ.

ಬಂಡಳ್ಳಿಗೆ ಹೋಗಲು ನನಗೆ ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಮದುವೆಯಾಗಿತ್ತು, ಕೆಲಸ ಬಿಟ್ಟಿರಲಿಲ್ಲ. ಮೇಸ್ತ್ರಿ ಕಣದ ಬದಿಯಲ್ಲಿ ಕೂತು ಬಲಗೈಯ ಉಳಿದೆರಡು ಬೆರಳಲ್ಲೇ ಹಗ್ಗ ಹೊಸೆಯುತ್ತಿದ್ದರು. ನಾನು ಕರೆದಾಗ, ತಲೆಯೆತ್ತುವ ಮೊದಲೇ, ದನಿಯಲ್ಲೇ ನನ್ನನ್ನು ಗುರುತಿಸಿದರು. "ಬನ್ನಿ ಅಮ್ಮಣ್ಣಿ. ಬಿಸ್ಲಲ್ಲಿ ಬಂದಿದ್ದೀರಿ, ಮೊದ್ಲು ಮಜ್ಗೆ ಕುಡೀರಿ."

ಮಜ್ಜಿಗೆ ಕುಡಿಯುವ ಮೊದಲೇ ಹೇಳಿಬಿಟ್ಟೆ. ಕಾಗದದ ಹಿಂಬದಿಯಲ್ಲಿ ಎರಡು ಸಾಲು ಇದ್ದವು, ನಾನು ಓದಿರಲಿಲ್ಲ, ಅದನ್ನು ಇನ್ಸ್‌ಪೆಕ್ಟರ್ ಬರುವ ಮೊದಲೇ ತಿಳಿದೂ ಸುಮ್ಮನಿದ್ದೆ ಎಂದೆ.

ಅವರು ಹಗ್ಗ ಕೆಳಗಿಟ್ಟರು. ಎದ್ದು ಹೋಗಿ ದನಕ್ಕೆ ನೀರಿಟ್ಟು ಬಂದರು. ಅದು ಕುಡಿಯುವುದನ್ನು ನೋಡುತ್ತ ಬಹಳ ಹೊತ್ತು ನಿಂತರು. ಕೋಪ ಬಂದಿತ್ತು. ಅದು ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

"ಇಂದ್ಗಡೆ ಬರ್ದಿದ್ದು ನಂಗೆ ಗೊತ್ತಿರ್ನಿಲ್ಲ" ಎಂದರು ಕೊನೆಗೆ. "ಗೊತ್ತಿದ್ರೆ ಬೈದು ಬುಡ್ತಿದ್ದೆ. ಆದ್ರೂ ಅದೇ ಮಾತು ಏಳ್ತಿದ್ದೆ ಅನ್ಸ್ತದೆ."

"ಯಾಕೆ ಮೇಸ್ತ್ರಿ?"

"ನಿಮ್ಮುನ್ನ ಆಚಿಕ್ಕೆ ಆಕಿದ್ರೆ ಆ ಮೇನೇಜ್ರು ಮುಂದ್ಕೆ ಬರೋ ಕಾಗ್ದನೆಲ್ಲ ಒಲೆಗೆ ಆಕೋನು. ಅಲ್ಲಿ ನಲವತ್ತು ಎಣ್ಮಕ್ಳು ಕುಂತಿದ್ರು. ಬಾಯ್ಲರ್ ಉರ್ಸೋಕೆ ಇನ್ನೊಬ್ಬ ಸಿಕ್ತಾನೆ. ಓದಿ ಏಳೋರು ಯಾರಿದ್ರು?" ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದರು. "ಈಗ ತಿರುಗ್ಸಿ ನೋಡ್ತೀರಾ?"

ನೋಡುತ್ತೇನೆ ಎಂದೆ.

"ನೋಡಿ ಮತ್ತೆ" ಎಂದು ಹಗ್ಗ ಎತ್ತಿಕೊಂಡರು.

ಆಮೇಲೆ ನಾನು ಅವರನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಆ ಕಾರ್ಖಾನೆ ಈಗಿಲ್ಲ. ಆ ಹೆಂಗಸರಲ್ಲಿ ಎಷ್ಟು ಜನ ಇದ್ದಾರೋ ತಿಳಿಯದು. ಆದರೆ ನಾನು ಬರೆದ ಆ ಹೇಳಿಕೆ ಯಾವುದೋ ಕಚೇರಿಯ ಕಡತದಲ್ಲಿ, ಧೂಳಿನ ಕೆಳಗೆ, ಇನ್ನೂ ಇರಬಹುದು. ಅದರಲ್ಲಿ ಇವತ್ತಿಗೂ ತಪ್ಪು ಅವರದೇ. ತಿದ್ದಿ ಎಂದು ಕೇಳಲು ಯಾವ ಬಾಗಿಲಿಗೆ ಹೋಗಲಿ? ಅದಕ್ಕೇ ಇಲ್ಲಿ, ಕನ್ನಡದಲ್ಲಿ, ಬರೆದಿಡುತ್ತಿದ್ದೇನೆ. ಮೇಸ್ತ್ರಿ ಬೇಡ ಅನ್ನುವ ಹಾಗೆಯೇ ಹೇಳಿದ್ದರು. ಗೋಡೆಗೆ ಹಾಕಿ ಎಂದವಳು ನಾನು.