ಬಸುವಿನ ಬದಲು ಡೊಂಬಿವಲಿಗೆ

ವಾಶಿಯ ಈರುಳ್ಳಿ ಮಾರುಕಟ್ಟೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ರೈಲು ಆಗಿನ್ನೂ ವಾಶಿಗೆ ಬಂದಿರಲಿಲ್ಲ. ಠಾಣೆಯವರೆಗೆ ಬಸ್ಸು, ಅಲ್ಲಿಂದ ಲೋಕಲ್. ಆಷಾಢದ ಮಳೆಗೆ ಬೇಲಾಪುರ ರಸ್ತೆ ಒಂದೂವರೆ ಗಂಟೆ ತಿಂದಿತು. ಈ ದಾರಿಯಲ್ಲಿ ಬಲಬದಿಯ ಕಿಟಕಿ ಹಿಡಿಯಬೇಡಿ, ಕಾರ್ಖಾನೆಗಳ ಹೊಗೆ ನೇರ ಮೂಗಿಗೇ ಬರುತ್ತದೆ.

ಚೀಲದಲ್ಲಿ ಒಂದು ಸೀರೆ, ಒಂದು ಡಬ್ಬಿ ಶೇಂಗಾ ಉಂಡಿ. ನಾಗರ ಪಂಚಮಿಗೆ ಹೆಣ್ಣುಮಗಳನ್ನು ಗಂಡನ ಮನೆಯಿಂದ ಕರೆತರುವುದು ನಮ್ಮ ವಿಜಾಪುರದ ಕಡೆಯ ಪದ್ಧತಿ. ತಂಗಿ ಶಾಂತಾಳನ್ನು ಕರೆಯಲು ಪ್ರತಿ ವರ್ಷ ಹೋಗುತ್ತಿದ್ದವನು ನಮ್ಮಿಬ್ಬರ ತಮ್ಮ ಬಸು; ನನಗೆ ವ್ಯಾಪಾರದಿಂದ ಬಿಡುವಿರುತ್ತಿರಲಿಲ್ಲ. ಈಗ ಅವನು ಠಾಣೆಯ ವರ್ತಕ ನಗರದಲ್ಲಿ ಹಾಸಿಗೆ ಹಿಡಿದಿದ್ದ. ದುಗ್ಧರಸ ಗ್ರಂಥಿಯ ಕ್ಯಾನ್ಸರು, ಅಪರೂಪದ್ದು, ಬೇಗ ಹಬ್ಬುವಂಥದ್ದು. ಔಷಧಿಗೆ ಸದ್ಯ ತಗ್ಗಿದೆ, ಮತ್ತೆ ಏಳುವ ಮೊದಲು ಒಡಹುಟ್ಟಿದವರ ಎಲುಬಿನ ಮಜ್ಜೆ ಹೊಂದಿದರೆ ಹಾಕಿ ನೋಡೋಣ ಎಂದಿದ್ದರು ಮುಂಬಯಿಯ ಡಾಕ್ಟರು. ನನ್ನದು ಹೊಂದಲಿಲ್ಲ. ಉಳಿದವಳು ಶಾಂತಾ ಒಬ್ಬಳೇ.

ಡೊಂಬಿವಲಿಯಲ್ಲಿ ಅವಳ ಅತ್ತೆ ಚಹಾ ಕೊಟ್ಟು ನಕ್ಕರು. "ಹಬ್ಬಕ್ಕ ಇನ್ನಾ ಹತ್ತ ದಿನ ಐತಿ. ಉಳ್ಳಾಗಡ್ಡಿ ಧಾರಣಿ ಬಿದ್ದೈತೇನ್ರಿ, ನಿಮಗ ಬಿಡುವಾತು?"

ಎಲುಬಿನ ಮಜ್ಜೆಯ ಮಾತೆತ್ತಿದರೆ ಸೊಸೆಯನ್ನು ಕಳಿಸಲಾರರೆಂದು ಎಣಿಸಿದ್ದೆ. ಎಲ್ಲ ಮೊದಲೇ ಬಿಚ್ಚಿಟ್ಟರೆ ವ್ಯವಹಾರ ಕುದುರುವುದಿಲ್ಲ ಎಂಬುದು ಮಾರುಕಟ್ಟೆ ಕಲಿಸಿದ ಪಾಠ. "ಈ ಸಲ ಲಗೂ ಒಯ್ಯೋಣಂತ ಬಂದೇನ್ರಿ" ಎಂದೆ.

ಶಾಂತಾ ಸೀರೆ ಮುಟ್ಟಲಿಲ್ಲ. "ಬಸು ಎಲ್ಲಿ?"

"ಕೆಲಸ ಐತಿ."

"ಮೈಯಾಗ ಜ್ವರ ಇದ್ದಾಗೂ ಬಂದಾನ ಅಂವ. ಅಣ್ಣಾ, ಖರೇ ಹೇಳು."

ಹೇಳಿದೆ. ಅತ್ತೆ ಒಂದೇ ಪ್ರಶ್ನೆ ಕೇಳಿದರು: "ತಗದದ್ದು ಮತ್ತ ಬೆಳೀತೈತೇನ್ರಿ?"

"ಬೆಳೀತೈತಂತ್ರಿ."

"ಹಂಗಾದ್ರ ಕುಂತೀರಿ ಯಾಕ? ಬಾಗಿಲಾಗ ನಿಂತಾಗ್ಲೇ ಹೇಳಬಾರದೇನ್ರಿ?" ಎನ್ನುತ್ತ ಅವರೇ ಅಟ್ಟದಿಂದ ಸೊಸೆಯ ಚೀಲ ಇಳಿಸಿದರು. ಓದುವವರಿಗೆ ಹೇಳುತ್ತೇನೆ: ಬೀಗರ ಮನೆಯಲ್ಲಿ ಈರುಳ್ಳಿ ಮಾರುವ ಬುದ್ಧಿ ತೋರಿಸಬೇಡಿ.

ವರ್ತಕ ನಗರದಲ್ಲಿ ಬಸು ಇಸ್ತ್ರಿಯ ಅಂಗಿ ತೊಟ್ಟು, ಕೂದಲು ಉದುರಿದ ತಲೆಗೆ ಟೋಪಿ ಹಾಕಿ ಬಾಗಿಲಲ್ಲಿ ಕುಳಿತಿದ್ದ. "ನಾನ ಬರಾಂವಿದ್ನಿ ಅಕ್ಕಾ, ಡಾಕ್ಟರು ಬಿಡಲಿಲ್ಲ." ಅವಳು ಅವನ ಬಾಯಿಗೆ ಉಂಡಿ ಇಟ್ಟಳು.

ಮರುದಿನ ಆಸ್ಪತ್ರೆಯಲ್ಲಿ ಅವಳ ರಕ್ತ ತೆಗೆದರು. ಫಲಿತಾಂಶಕ್ಕೆ ಎರಡು ವಾರ. ಅದು ಬರುವ ಮೊದಲೇ, ಪಂಚಮಿ ಮುಗಿಸಿಕೊಂಡು ಅವಳನ್ನು ಡೊಂಬಿವಲಿಗೆ ಮುಟ್ಟಿಸಿದೆ. ನಾನು ಮರಳಿ ಠಾಣೆಯ ಗಾಡಿ ಹತ್ತುವಾಗ, ಕಳಿಸಲು ಬಂದಿದ್ದ ಅವಳು ಪ್ಲಾಟ್‌ಫಾರ್ಮಿನಿಂದ ಕೂಗಿದಳು:

"ಮುಂದಿನ ಪಂಚಮಿಗೆ ನೀ ಬರಬ್ಯಾಡಣ್ಣಾ. ಬಸೂನ್ನ ಕಳಸು."

ನಾನು ಹೂಂ ಎನ್ನುವ ಮೊದಲೇ ಗಾಡಿ ಬಿಟ್ಟಿತು. ಅವಳು ಮಾತ್ರ ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದಳು.