ಬರಬೇಡಿ ಎಂದು ಸಾರಿದ ದನಿ

ಬೀದಿಯಲ್ಲಿ ಮೈಕಿನ ದನಿ ಕೇಳಿದರೆ ನನಗೆ ಈಗಲೂ ಕೈ ತೊಳೆಯಬೇಕು ಅನ್ನಿಸುತ್ತದೆ. ಇದನ್ನು ಬೇರೆ ಯಾರ ಹತ್ತಿರವೂ ಹೇಳಿಲ್ಲ, ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಹಾಸಿಗೆ ದಿಂಬಿನ ರಿಯಾಯಿತಿ ಮಾರಾಟ ಇರಲಿ, ಉಚಿತ ಕಣ್ಣು ತಪಾಸಣೆ ಇರಲಿ, ಆಟೋದ ತಲೆಯ ಮೇಲಿನ ಆ ಕಹಳೆ ಒಂದು ಸಲ ಗೊರಗೊರ ಅಂದರೆ ಸಾಕು, ಕಾಲು ತಾನಾಗಿಯೇ ಹಿತ್ತಲಿನ ನಲ್ಲಿಯ ಕಡೆ ತಿರುಗುತ್ತದೆ. "ಹಾಸಿಗೆ ಮಾರೋರು ಮಾರಾಯ್ರೆ, ಸುಮ್ನೆ ಸೋಪು ಖಾಲಿ ಮಾಡ್ಬೇಡಿ" ಎಂದು ನನ್ನ ಹೆಂಡತಿ ಒಳಗಿನಿಂದಲೇ ಕೂಗುತ್ತಾಳೆ.

ನಾನು ಹುಟ್ಟಾ ಚಿಂತಕ. ಚಿಂತಕ ಎಂದು ಪತ್ರಿಕೆಗಳಲ್ಲಿ ಕೆಲವರ ಹೆಸರಿನ ಕೆಳಗೆ ಹಾಕುತ್ತಾರಲ್ಲ, ಆ ಜಾತಿಯಲ್ಲ; ಬರೀ ಚಿಂತೆ ಮಾಡುವವನು. ಶೃಂಗೇರಿಯಲ್ಲಿ ಮದುವೆಯೂಟಕ್ಕೆಂದು ಕೊಪ್ಪದಿಂದ ಬಸ್ಸು ಹತ್ತಿದವನು ಅರ್ಧ ದಾರಿಯಲ್ಲಿ ಇಳಿದು, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ನೋಡಲು ವಾಪಸು ಬಂದಿದ್ದೇನೆ. ಗ್ಯಾಸ್ ಆಫ್ ಆಗಿತ್ತು. ಊಟವೂ ಆಗಿತ್ತು, ನನ್ನನ್ನು ಬಿಟ್ಟು ಉಳಿದವರದ್ದು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ತಾಲ್ಲೂಕು ಆಫೀಸಿನ ಅರ್ಜಿ, ಜೆರಾಕ್ಸು, ಇದರ ನಡುವೆ ಯೂಸುಫನಿಗೆ ಪ್ರಚಾರದ ಮಾತು ಬರೆದುಕೊಡುವುದು. ಯೂಸುಫ್ ನಮ್ಮೂರಿನ ಮೈಕಿನ ಮನುಷ್ಯ. ಆಟೋಕ್ಕೆ ಮೈಕು ಕಟ್ಟಿಕೊಂಡು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಸುತ್ತುತ್ತಿದ್ದ. ಅಕ್ಷರ ನನ್ನದು, ದನಿ ಅವನದು. ಹಾಗಾಗಿ ಯಶಸ್ಸೆಲ್ಲ ಅವನದು. ರೆಕಾರ್ಡ್ ಮಾಡಿ ಹಾಕಿಕೊಂಡು ಸುಮ್ಮನೆ ಗಾಡಿ ಓಡಿಸಬಾರದೇ ಎಂದರೆ ಒಪ್ಪುತ್ತಿರಲಿಲ್ಲ. "ಬೀದಿ ನೋಡ್ಕೊಂಡು ಮಾತಾಡ್ಬೇಕು ಭಟ್ರೇ. ಜಗಲೀಲಿ ಅಜ್ಜಿ ಕೂತಿದ್ರೆ ಒಂದು ನಮೂನೆ, ಅಂಗಡಿ ಕಟ್ಟೇಲಿ ಗಂಡಸ್ರು ಕೂತಿದ್ರೆ ಇನ್ನೊಂದು ನಮೂನೆ." ಕಾಡಂಚಿನ ಕೆರೆಕಟ್ಟೆಗೆ ಹೋದರೆ, "ನಿನ್ನೆ ಬಸ್ಸು ಕಾದು ಕಾದು ಸಿಟ್ಟಾದ ಬಂಧುಗಳೇ, ಆ ಸಿಟ್ಟು ಬಿಟ್ಟು ಬನ್ನಿ" ಎಂದು ತನ್ನದೇ ಒಂದು ಸಾಲು ಸೇರಿಸುತ್ತಿದ್ದ. ಆ ‘ಬನ್ನಿ’ ಇದೆಯಲ್ಲ, ಅದು ಅವನ ಆಸ್ತಿ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ತುಸು ಮೇಲಕ್ಕೆತ್ತಿ ಬಿಡುತ್ತಿದ್ದ. ಮೆಟ್ಟಿಲ ಮೇಲೆ ಚೊಂಬಿನ ನೀರು ಹಿಡಿದು ನಿಂತವರು ಕರೆದ ಹಾಗಿರುತ್ತಿತ್ತು. ಹಾಸಿಗೆ ಬೇಡದವರೂ ಮಾರಾಟಕ್ಕೆ ಬಂದು, ಹಾಸಿಗೆಯ ಮೇಲೆ ಸ್ವಲ್ಪ ಹೊತ್ತು ಕೂತು, ಸಂತೋಷಪಟ್ಟು ಮನೆಗೆ ಹೋಗುತ್ತಿದ್ದರು.

ಲಾಕ್‌ಡೌನ್ ಶುರುವಾದ ಮಾರನೆಯ ದಿನ ಯೂಸುಫ್ ನಮ್ಮ ಮನೆಯ ಗೇಟಿನ ಹೊರಗೆ, ಮುಖಕ್ಕೆ ಟವೆಲು ಸುತ್ತಿಕೊಂಡು ನಿಂತಿದ್ದ. "ತಾಲ್ಲೂಕು ಆಫೀಸಿಂದ ಹೇಳಿದ್ದಾರೆ ಭಟ್ರೇ. ಯಾರೂ ಹೊರಗೆ ಬರ್ಬಾರ್ದು ಅಂತ ಕೂಗ್ಬೇಕಂತೆ. ಅವ್ರು ಕೊಟ್ಟ ಕಾಗದ ಓದಿದ್ರೆ ನಂಗೇ ತಲೆಬುಡ ತಿಳಿಯಲ್ಲ. ಮಾತಾಡೋ ಹಾಗೆ ಬರ್ಕೊಡಿ."

ಬರೆದೆ. ಅದೇನು ಹುರುಪು ಅಂತೀರಿ! ಜೀವಮಾನವೆಲ್ಲ ಒಬ್ಬನೇ ಹೆದರಿಕೊಂಡು ಕೂತಿದ್ದವನಿಗೆ ಮೂರು ತಾಲ್ಲೂಕನ್ನು ಒಟ್ಟಿಗೆ ಹೆದರಿಸುವ ಅವಕಾಶ ಸಿಕ್ಕಿತ್ತು. ‘ನೀವು ಹೊರಗಿಡುವ ಒಂದು ಹೆಜ್ಜೆ ನಿಮ್ಮ ತಾಯಿಯ ಉಸಿರಿಗೆ ಕುತ್ತು’ ಎಂದೆಲ್ಲ ಬರೆದುಕೊಟ್ಟೆ. ಓದಿಕೊಂಡ ಯೂಸುಫ್ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರ ಮಟ್ಟಿಗೆ ಬರಹ ಗೆದ್ದಿತು.

ಮೊದಲ ದಿನ ಮಾತ್ರ ಸಣ್ಣದೊಂದು ಎಡವಟ್ಟಾಯಿತು. ಪೇಟೆಯ ನಡುವೆ ಗಂಭೀರವಾಗಿ ಎಲ್ಲವನ್ನೂ ಹೇಳಿ ಮುಗಿಸಿದವನು, ಅಷ್ಟು ವರ್ಷದ ರೂಢಿ ನೋಡಿ, ಕೊನೆಗೆ ಅದೇ ಉಸಿರಿನಲ್ಲಿ "ಮರೆತು ನಿರಾಶರಾಗದಿರಿ, ಸಕುಟುಂಬ ಸಮೇತ ಇಂದೇ ಬನ್ನಿ!" ಎಂದುಬಿಟ್ಟ. ಕಿಟಕಿಗಳ ಹಿಂದೆ ಊರಿಗೆ ಊರೇ ನಕ್ಕಿತು. ಆ ಇಡೀ ಕಾಲದಲ್ಲಿ ನಾವೆಲ್ಲ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಮಾಡಲು ಕೆಲಸವಿಲ್ಲದ್ದರಿಂದ ನಾನು ರಟ್ಟು ಕಿತ್ತುಹೋದ ನಿಘಂಟು ಓದುತ್ತಾ ಕೂತಿರುತ್ತಿದ್ದೆ. ಡಂಗುರ ಸಾರುವುದು ಎನ್ನುತ್ತೇವಲ್ಲ, ಆ ‘ಸಾರು’ ಎಂಬ ಮಾತಿಗೆ ಘೋಷಿಸು ಎಂಬ ಅರ್ಥದ ಜೊತೆಗೆ ಹತ್ತಿರಕ್ಕೆ ಬರು ಎಂಬ ಅರ್ಥವೂ ಇದೆ. ಹಳಬರಿಗೆ ಕೂಗಿ ಹೇಳುವುದೂ ಹತ್ತಿರ ಬರುವುದೂ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು. ನಾವೋ ದೂರ ಇರಿ ಎಂದು ಸಾರುತ್ತಿದ್ದೆವು. ಇದು ದೊಡ್ಡ ಸಂಶೋಧನೆ ಎಂಬಂತೆ ಹೆಂಡತಿಗೆ ಹೇಳಿದೆ. "ಸಾರಿಗೆ ಬೇಳೆ ಮುಗ್ದಿದೆ" ಎಂದಳು. ಆ ಮಾತಿನ ಮೂರನೆಯ ಅರ್ಥ ನನಗೆ ಮರೆತೇಹೋಗಿತ್ತು.

ಅದನ್ನು ಇನ್ನೂ ಜೋರಾಗಿ ನೆನಪಿಸಿದವಳು ಕಡಹಿನಬೈಲು ಎಂಬ ಹಳ್ಳಿಯ ಒಬ್ಬ ಹೆಂಗಸು. ಕಂಡವರ ತೋಟಗದ್ದೆಗೆ ದಿನಗೂಲಿಗೆ ಹೋಗುವವಳು. ಯೂಸುಫನ ಆಟೋಕ್ಕೆ ಅಡ್ಡ ನಿಂತು ಕೇಳಿದಳಂತೆ: "ಮನೇಲೇ ಇರಿ ಅಂದ್ಯಲ್ಲ, ಇದ್ದೀವಿ. ಒಲೆ ಮೇಲೆ ಎಂತ ಇಡೋದು? ಅದ್ನೂ ಮೈಕಲ್ಲೇ ಹೇಳ್ಕೊಂಡು ಹೋಗು ಮಾರಾಯ, ಅರ್ಧಂಬರ್ಧ ಎಂತಕ್ಕೆ ಹೇಳ್ತಿ?"

"ನೀನು ಎಂತ ಹೇಳ್ದೆ?" ಎಂದೆ.

"ಮೈಕ್ ಆಫ್ ಮಾಡ್ದೆ. ಅದಕ್ಕೊಂದು ಸಾಲು ಬರ್ಕೊಡಿ ಭಟ್ರೇ. ನಾಳೆ ಮತ್ತೆ ಆ ದಾರೀಲೇ ಹೋಗ್ಬೇಕು."

ಅಂಗಡಿಯಿಂದ ಮನೆಗೆ ತಂದಿಟ್ಟುಕೊಂಡಿದ್ದ ಕಂಪ್ಯೂಟರಿನ ಮುಂದೆ ಮಧ್ಯಾಹ್ನವಿಡೀ ಕೂತೆ. ಜೀವವೋ ಜೀವನವೋ ತೂಗಿ ನೋಡಬೇಕು ಎಂದು ಟಿವಿಯಲ್ಲಿ ತಿಳಿದವರೆಲ್ಲ ಹೇಳುತ್ತಿದ್ದರು. ತಕ್ಕಡಿ ಹಿಡಿದವರ ಮನೆಯಲ್ಲಿ ಎರಡೂ ಇದ್ದವು. ನನ್ನದೂ ಅದೇ ಕಥೆ. ಅಂಗಡಿ ಮುಚ್ಚಿತ್ತು ನಿಜ, ಆದರೆ ಡಬ್ಬದಲ್ಲಿ ಅಕ್ಕಿ ಇತ್ತು. ಹಾಗಾಗಿ ನನ್ನ ಭಯ ಅಪ್ಪಟ ಭಯವಾಗಿತ್ತು, ಕಾಯಿಲೆಯದ್ದು ಮಾತ್ರ. ಆ ಹೆಂಗಸಿಗೆ ಅಂಥ ಅಪ್ಪಟ ಭಯ ಇಟ್ಟುಕೊಳ್ಳುವ ಅನುಕೂಲ ಇರಲಿಲ್ಲ. ಹೊರಗೆ ಹೋಗಿ ಎಂದು ಬರೆಯಲಾರೆ, ಹೋದರೆ ಸಾಯುತ್ತಾರೆ. ಹೋಗಬೇಡಿ ಎಂಬುದನ್ನು ಬರೆದಾಗಿದೆ. ಕೊನೆಗೆ ‘ದಯವಿಟ್ಟು ಸಹಕರಿಸಿ’ ಎಂದು ಟೈಪು ಮಾಡಿ ಕೊಟ್ಟೆ. ಏನೂ ಹೇಳಲಾಗದಾಗ ಆಫೀಸುಗಳು ಹೇಳುವ ಮಾತು ಅದು. ಯೂಸುಫ್ ಅದನ್ನು ನೋಡಿದ, ನನ್ನನ್ನು ನೋಡಿದ, ಮಡಚಿ ಜೇಬಿಗೆ ಹಾಕಿಕೊಂಡ. ಮಾರನೆಯ ದಿನ ಆ ಮನೆಯ ಹತ್ತಿರ ಬಂದಾಗ ಮೈಕು ಕೆಟ್ಟವರ ಹಾಗೆ ಸುಮ್ಮನೆ ದಾಟಿಕೊಂಡು ಹೋದನಂತೆ.

ಮುಂದಿನ ವರ್ಷ ಕಾಯಿಲೆ ನಿಜವಾಗಿಯೂ ಊರೊಳಗೆ ಬಂತು. ಅಲ್ಲಿಯವರೆಗೆ ನಾನು ಮಾಡಿದ್ದ ಚಿಂತೆಯೆಲ್ಲ ಬರೀ ತಾಲೀಮು ಎನ್ನುವ ಹಾಗೆ ಬಂತು. ನನ್ನ ಪಕ್ಕದ ಅಂಗಡಿಯ ವಾಚ್ ರಿಪೇರಿಯವರು ಶಿವಮೊಗ್ಗಕ್ಕೆ ಆಂಬುಲೆನ್ಸಿನಲ್ಲಿ ಹೋದವರು ಪ್ಲಾಸ್ಟಿಕ್ ಸುತ್ತಿದ ಗಂಟಾಗಿ ಬಂದರು. ನನಗೆ ಬರುತ್ತಿದ್ದ ಕೆಲಸ ಉತ್ತರಕ್ರಿಯೆಯ ಕಾಗದ ಒಂದೇ. ಅದರ ಕೆಳಗೂ ‘ಇದ್ದಲ್ಲಿಂದಲೇ ಪ್ರಾರ್ಥಿಸಿ’ ಎಂದು ಹಾಕಬೇಕಿತ್ತು. ಯೂಸುಫನಿಗೆ ಮಾತ್ರ ಕೈತುಂಬ ಕೆಲಸ. ಯಾವ ಕೇರಿಯಲ್ಲಿ ಸೀಲ್‌ಡೌನೋ ಅಲ್ಲಿ ಅವನ ಆಟೋ. ಬರಬರುತ್ತಾ ಜನ ಅದನ್ನು ತಿರುಗಿಸಿಕೊಂಡು ಅರ್ಥಮಾಡಿಕೊಂಡರು: ಎಲ್ಲಿ ಅವನ ಆಟೋ ನಿಂತಿತೋ ಅಲ್ಲಿಗೆ ಕಾಯಿಲೆ ಬಂತು. ದನಿ ದೂರದಲ್ಲಿ ಕೇಳಿದರೆ ಕಿಟಕಿ ಬಾಗಿಲು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಹಣ್ಣಿನ ಗಾಡಿಯ ಅವನ ಭಾವಮೈದುನನೇ, "ನಮ್ಮ ಹೊಟ್ಟೆ ಮೇಲೆ ಹೊಡೆಯೋದಕ್ಕೆ ನಿಂಗೆ ದಿನಗೂಲಿ ಬೇರೆ ಕೊಡ್ತಾರಾ?" ಎಂದನಂತೆ. ಇನ್ನು ಕೆಲವರಿಗೆ ಆಗ ಅವನ ಹೆಸರೇ ಕಾಯಿಲೆಯ ಹೆಸರಿನ ಹಾಗೆ ಕೇಳಿಸಿತು. ಅದನ್ನು ಅವನು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ; ಗೊತ್ತಿತ್ತು.

ಎಲ್ಲ ಮುಗಿದು ಅಂಗಡಿಗಳು ತೆರೆದವು. ನರಸಿಂಹರಾಜಪುರದ ಫರ್ನಿಚರ್ ಅಂಗಡಿಯವರು ದೊಡ್ಡ ಮಾರಾಟ ಇಟ್ಟುಕೊಂಡು ಯೂಸುಫನನ್ನು ಕರೆದರು. ನಾನು ಸಾಲುಸಾಲಿಗೂ ‘ಬನ್ನಿ’ ತುಂಬಿ ಬರೆದುಕೊಟ್ಟೆ. ಯೂಸುಫ್ ಹೊಸ ಅಂಗಿ ಹಾಕಿಕೊಂಡು ಹೊರಟ. ಅಲ್ಲಿನ ಪೇಟೆಗೆ ತಿರುಗಿ "ಆತ್ಮೀಯ ಬಂಧುಗಳೇ" ಎಂದನೋ ಇಲ್ಲವೋ, ಬೀದಿಯ ಎರಡೂ ಬದಿಯ ಅಂಗಡಿಯವರು ಶಟರನ್ನು ಅರ್ಧಕ್ಕೆ ಎಳೆದರು. ಯೋಚನೆ ಮಾಡಿ ಎಳೆದದ್ದಲ್ಲ, ಕೈ ತಾನಾಗಿ ಎಳೆಯಿತು. ದಿನಸಿ ಅಂಗಡಿಯವನು ಶಟರಿನ ಕೆಳಗಿಂದ ಬಗ್ಗಿ ಕೇಳಿದ.

"ಯೂಸುಫಣ್ಣ, ಮತ್ತೆ ಬಂತಾ?"

"ಎಂತದು?"

"ಅದೇ."

"ಇಲ್ಲ ಮಾರಾಯ, ಸೋಫಾ ಬಂದಿದೆ."

ನನಗೆ ಇದನ್ನು ಹೇಳುವಾಗ ಯೂಸುಫ್ ನಕ್ಕ, ನಾನೂ ನಕ್ಕೆ. ಶೃಂಗೇರಿಯಲ್ಲೂ ಹಾಗೇ ಆಯಿತು, ಕೊಪ್ಪದಲ್ಲೂ ಆಯಿತು. ಕೆರೆಕಟ್ಟೆಯಲ್ಲಿ ಒಬ್ಬಳು ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಆಮೇಲೆ ನಗುವುದು ಬಿಟ್ಟೆವು. ಫರ್ನಿಚರಿನವರು ಒಳ್ಳೆಯ ಜನ, ಬೇಜಾರು ಮಾಡಿಕೊಂಡೇ ಹೇಳಿದರು: "ಎಂತ ಮಾಡೋದು ಯೂಸುಫಣ್ಣ, ನಿನ್ನ ದನಿ ಕೇಳಿದ್ರೆ ಜನಕ್ಕೆ ಜ್ವರ ಬಂದ ಹಾಗಾಗುತ್ತೆ." ಯಾವುದೋ ಊರಿನ ಹೆಂಗಸೊಬ್ಬಳ ರೆಕಾರ್ಡು ತರಿಸಿಕೊಂಡರು. ಉಳಿದವರೂ ಅದನ್ನೇ ಹಿಡಿದರು. ಆ ಹೆಂಗಸಿಗೆ ಯಾವ ಬೀದಿಯೂ ಕಾಣುವುದಿಲ್ಲ. ಖಾಲಿ ರಸ್ತೆಗೂ ಜಾತ್ರೆಗೂ ಅದೇ ಉತ್ಸಾಹದಲ್ಲಿ ಕರೆಯುತ್ತಾಳೆ.

ನಾವು ಪ್ರಯತ್ನ ಮಾಡಲಿಲ್ಲ ಎಂದಲ್ಲ. ದನಿ ಬದಲಾಯಿಸಿ ನೋಡು ಎಂದು ಸಲಹೆ ಕೊಟ್ಟವನು ನಾನೇ. ಯೂಸುಫ್ ಪಾಪ ಮೂಗಿನಲ್ಲಿ ಮಾತಾಡಿಕೊಂಡು ಒಂದು ಸುತ್ತು ಬಂದ. ಜನ ಗುರುತು ಹಿಡಿದರು. ಯೂಸುಫಣ್ಣನಿಗೆ ಶೀತ ಆಗಿದೆ ಎಂದು ಇನ್ನಷ್ಟು ದೂರ ಸರಿದರು. ಅದಾದ ಮೇಲೆ ಅವನು ಕಹಳೆ ಬಿಚ್ಚಿ ಅಟ್ಟಕ್ಕೆ ಹಾಕಿ, ಬಸ್‌ಸ್ಟ್ಯಾಂಡಿನ ಸಾಲಿನಲ್ಲಿ ಬಾಡಿಗೆಗೆ ನಿಂತ. ದಿನವಿಡೀ ಮಾತಾಡುತ್ತಿದ್ದವನು ಈಗ ಎಲ್ಲಿಗೆ ಎಂದಷ್ಟೇ ಕೇಳುತ್ತಾನೆ.

ನಾನು ಈ ಲೆಕ್ಕವನ್ನು ಆಗಾಗ ಮಾಡುತ್ತೇನೆ. ಚಿಂತೆ ಮಾಡುವವರಿಗೆ ಇದೊಂದು ಹವ್ಯಾಸ. ಅವನ ಕೂಗು ಕೇಳಿ ಎಷ್ಟು ಜನ ಹೊಸ್ತಿಲು ದಾಟದೆ ಉಳಿದರೋ! ಸತ್ತವರಿಗೆ ಹೆಸರಿದೆ, ಫೋಟೋ ಇದೆ, ನಾನೇ ಅಚ್ಚು ಹಾಕಿದ ಕಾಗದ ಇದೆ. ಉಳಿದವರಿಗೆ ತಾವು ಉಳಿದದ್ದೇ ಗೊತ್ತಿಲ್ಲ. ಹಾಸಿಗೆ ಕೊಂಡವನು ಹಾಸಿಗೆ ಚೆನ್ನಾಗಿದೆ ಎಂದು ಬಂದು ಹೇಳುತ್ತಾನೆ; ಬಾರದ ಕಾಯಿಲೆಗೆ ಯಾರು ಬಂದು ಥ್ಯಾಂಕ್ಸ್ ಹೇಳುತ್ತಾರೆ? ನಾನೂ ಆ ಉಳಿದವರಲ್ಲಿ ಒಬ್ಬನಿರಬಹುದು. ಆದರೂ ಅವನ ದನಿ ಕೇಳಿದರೆ ನನ್ನ ಕಾಲೂ ನಲ್ಲಿಯ ಕಡೆಗೇ ತಿರುಗುತ್ತದೆ. ಇದಕ್ಕೆ ಪರಿಹಾರವಿದ್ದರೆ ನಿಮಗಾದರೂ ಹೊಳೆಯಬಹುದು, ನನಗೆ ಹೊಳೆದಿಲ್ಲ.

ಈ ಸಲ ಚಳಿ ಇಳಿಯುವ ಹೊತ್ತಿಗೆ ಮಂಗನ ಕಾಯಿಲೆಯ ಸುದ್ದಿ ಎದ್ದಿತು. ಕಾಡಿನಲ್ಲಿ ಮಂಗಗಳು ಸಾಯುತ್ತವೆ, ಅವುಗಳ ಮೈಯಿಂದ ಉದುರಿದ ಉಣುಗು ಎಂಬ ಸಣ್ಣ ಹುಳ ಮನುಷ್ಯರಿಗೆ ಕಚ್ಚಿ ಜ್ವರ ಬರುತ್ತದೆ. ನಮ್ಮ ಕಡೆಗೆ ಇದು ಹಳೆಯ ನೆಂಟ. ಒಂದು ಸಂಜೆ ಯೂಸುಫ್ ಅಂಗಡಿಗೆ ಬಂದ.

"ಆಸ್ಪತ್ರೆಯವ್ರು ಕರ್ದಿದ್ದಾರೆ ಭಟ್ರೇ. ರೆಕಾರ್ಡಿನ ಹೆಂಗಸು ಹೇಳಿದ್ರೆ ಜನ ಕಿವಿಗೇ ಹಾಕ್ಕೊಳ್ಳಲ್ವಂತೆ. ನಿನ್ನ ದನಿಗಾದ್ರೆ ಹೆದರ್ತಾರೆ, ನೀನೇ ಬಾ ಅಂದ್ರು."

"ಒಳ್ಳೇದಾಯ್ತಲ್ಲ ಮಾರಾಯ, ಮತ್ತೆ ಮೈಕು ಹಿಡೀಬಹುದು."

"ಒಳ್ಳೇದೇ. ಇನ್ಮೇಲೆ ಊರಿಗೆ ಕಾಯಿಲೆ ಬಂದ್ರೆ ನಂಗೆ ಕೆಲಸ. ಬರ್ಲಿ ಅಂತ ದುವಾ ಮಾಡ್ಲಾ, ಬರೋದು ಬೇಡ ಅಂತ ಮಾಡ್ಲಾ, ನೀವೇ ಹೇಳಿ."

ನಾನು ಕಂಪ್ಯೂಟರಿನ ಕಡೆ ತಿರುಗಿ ಟೈಪು ಮಾಡತೊಡಗಿದೆ. ಕಾಡಿಗೆ ಹೋಗಬೇಡಿ. ಸೌದೆ ತರಬೇಡಿ. ದರಗೆಲೆ ಗುಡಿಸಬೇಡಿ. ಸತ್ತ ಮಂಗವನ್ನು ಮುಟ್ಟಬೇಡಿ. ಕೆರೆಕಟ್ಟೆಯವರು ಕಾಡಿಗೆ ಹೋಗದೆ ಒಲೆಗೆ ಏನು ಹಾಕುತ್ತಾರೆ ಎಂಬುದು ಈ ಸಲವೂ ಕಾಗದದಲ್ಲಿ ಇರಲಿಲ್ಲ. ಬರೆದದ್ದನ್ನು ನೋಡಿದರೆ ಸಾಲಿನ ತುದಿಗೆಲ್ಲ ಬೇಡಿ, ಬೇಡಿ. ಕಳ್ಳನ ಕೈಗೆ ಹಾಕುವುದಕ್ಕೂ ನಮ್ಮ ಭಾಷೆಯಲ್ಲಿ ಅದೇ ಹೆಸರು. ಭಿಕ್ಷೆ ಬೇಡಿ ಎನ್ನುವುದಕ್ಕೂ ಅದೇ ಮಾತು.

ಯೂಸುಫ್ ಪ್ರಿಂಟನ್ನು ಹಿಡಿದು ತುಟಿ ಅಲ್ಲಾಡಿಸುತ್ತಾ ಓದಿದ. ಆಮೇಲೆ ಮುಖ ನೋಡದೆ ಕೇಳಿದ: "ಇದ್ರಲ್ಲಿ ಎಲ್ಲಾದ್ರೂ ಒಂದು ‘ಬನ್ನಿ’ ಹಾಕೋಕ್ಕಾಗುತ್ತಾ ನೋಡಿ ಭಟ್ರೇ."

ಹುಡುಕಿದೆ. ಮೇಲಿಂದ ಕೆಳಗಿನವರೆಗೆ ಹುಡುಕಿದೆ. ತೀರಾ ಕೊನೆಯಲ್ಲಿ, ಜ್ವರ ಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದಿತ್ತು. ‘ಹೋಗಿ’ ಅಳಿಸಿ ‘ಬನ್ನಿ’ ಎಂದು ಮಾಡಿದೆ.

ಮಾರನೆಯ ಬೆಳಿಗ್ಗೆ ಆಟೋ ನಮ್ಮ ಬೀದಿಗೆ ಬಂತು. ಎದುರು ಮನೆಯವರು ಬಾಗಿಲು ಹಾಕಿಕೊಂಡರು. ಬೇಡಿಗಳು ಒಂದರ ಹಿಂದೊಂದು, ಏರಿಳಿತವಿಲ್ಲದೆ, ಬೇಗಬೇಗ ಹೋದವು. ಆಮೇಲೆ ಅವನು ಆಟೋವನ್ನು ಸ್ವಲ್ಪ ನಿಧಾನ ಮಾಡಿದ, ಗಂಟಲು ಸರಿಮಾಡಿಕೊಂಡ, ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದ. ಎಂಥ ಕರೆ ಅಂತೀರಿ! ಒಂದು ಸೀನು ಬಂದರೂ ಹಾಸಿಗೆ ಹಿಡಿಯುವ ಮನುಷ್ಯ ನಾನು. ಅಂಥ ನನಗೂ, ಮೈ ಬೆಚ್ಚಗಾದರೂ ಆಗಿದ್ದರೆ ಒಂದು ಸಲ ಹೋಗಿ ಬರಬಹುದಿತ್ತಲ್ಲ ಅನ್ನಿಸಿತು.